ಉಂಡ ಮನೆಯ ಹುಡುಗಿ

ಖೋ ಖೋ ಆಡಿ ಬಂದ ಹುಡುಗಿಯ ಅಂಗಿ ಒಗೆಯುವವರಿಗೆ ಕೈ ನೋಯಬೇಕು. ಬೀಳುವುದು, ಹೊರಳುವುದು, ಕಂಬ ಹಿಡಿದು ತಿರುಗುವುದು, ಮೈಗೆಲ್ಲ ಮಣ್ಣು ಮೆತ್ತಿಕೊಳ್ಳುವುದು ಆ ಆಟದಲ್ಲಿ ಇದ್ದದ್ದೇ. ಆದರೆ ರಾಣೆಬೆನ್ನೂರಿನ ಪಂದ್ಯಾವಳಿಯಿಂದ ಮಗಳು ಮರಳಿ ತಂದ ಹಳದಿ ಅಂಗಿಯನ್ನು ಜರೀನಾ ಬಚ್ಚಲ ಕಲ್ಲಿನ ಮೇಲೆ ಹರವಿ ಹಿಂದೆ ಮುಂದೆ ತಿರುಗಿಸಿ ನೋಡಿದರೆ, ಬೆಳಿಗ್ಗೆ ಹಾಕಿದ ಇಸ್ತ್ರಿಯ ಗೆರೆ ಹಾಗೆಯೇ ನಿಂತಿತ್ತು. ಈ ವರ್ಷ ಹೀಗಾದದ್ದು ಇದು ಮೂರನೆಯ ಸಲ.

“ಇದನ್ನ ಒಗೀಲೋ, ಹಂಗ ಮಡಚಿ ಇಡ್ಲೋ?” ಎಂದು ಬಚ್ಚಲಿನಿಂದಲೇ ಕೂಗಿದಳು.

“ಒಗಿ ಅವ್ವಾ,” ಸುಮಯ್ಯಾ ಅಂದಳು. “ಬೆವರರ ಆಗೈತಿ. ದಿನಪೂರ್ತಿ ಬಿಸಲಾಗ ಕುಂತಿದ್ನಿ.”

ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಸುಗ್ಗಿ. ಊರೆಲ್ಲ ಘಾಟು, ಎಲ್ಲರಿಗೂ ಸೀನು. ನದಾಫರ ಓಣಿಯ ಆ ಮನೆಯಲ್ಲಿ ಮಾತ್ರ ಘಾಟಿನ ಜೊತೆಗೆ ಹತ್ತಿಯ ಧೂಳೂ ಇತ್ತು. ಮನೆಯ ಮುಂಭಾಗವೇ ಕೈಸರನ ಗಾದಿ ಅಂಗಡಿ. ಹತ್ತಿ ಹಿಂಜುವ ಯಂತ್ರ ಅಲ್ಲಿ, ಅದರ ಹಿಂದೆ ಎರಡು ಕೋಣೆ, ಅಡಿಗೆಮನೆ, ಹಿತ್ತಲು. ಕೈಸರ, ಅವನ ಹೆಂಡತಿ ಜರೀನಾ, ತಾಯಿ ಹುಸೇನಬಿ, ಇನ್ನೂ ಲಗ್ನವಾಗದ ತಮ್ಮ ನಯಾಜ, ಮತ್ತೆ ಹತ್ತನೆಯ ಇಯತ್ತೆಯ ಸುಮಯ್ಯಾ. ಮನೆಮಾತು ಕನ್ನಡ. ನಮಾಜಿಗೆ ಅರಬ್ಬಿ, ಬೀಗರು ಬಂದಾಗ ಉರ್ದು, ಅಷ್ಟೇ.

ರೊಟ್ಟಿ, ಪುಂಡಿಪಲ್ಯ ಹಾಕಿಕೊಂಡು ಎಲ್ಲರೂ ಕೂತಾಗ ನಯಾಜ ಶುರು ಮಾಡಿದ. ಅವನು ಮಾರ್ಕೆಟ್ಟಿಗೆ ಮೆಣಸಿನಕಾಯಿ ಚೀಲ ಸಾಗಿಸುವ ಗಾಡಿಯ ಡ್ರೈವರ. ಬಾಯಿಗೆ ಬ್ರೇಕು ಕಡಿಮೆ.

“ಒಂದ್ ಬ್ಯಾಚಿಗೂ ಇಳಸ್ಲಿಲ್ಲಾ?”

“ಇಲ್ಲ ಕಾಕಾ. ಕಾಂಬಿನೇಶನ್ ಕೂಡೂದಿಲ್ಲಂತ.”

“ಯಾವುದರ ಜೋಡಿ ಕೂಡೂದಿಲ್ಲಂತ? ಕಾಲಿನ ಜೋಡಿನೋ, ಹೆಸರಿನ ಜೋಡಿನೋ?”

“ನಯಾಜ, ರೊಟ್ಟಿ ತಿನ್ನು,” ಕೈಸರ ತಲೆ ಎತ್ತದೆ ಹೇಳಿದ.

“ತಿನ್ನಾಕತ್ತೇನಿ. ರೊಟ್ಟಿ ಬಾಯಾಗಿಟ್ಕೊಂಡ ಕೇಳಾಕತ್ತೇನಿ. ದಿನಾ ಸಂಜೀಕ ಪ್ರ್ಯಾಕ್ಟೀಸಿನ್ಯಾಗ ಎಲ್ಲಾ ಬ್ಯಾಚಿಗೂ ಈಕೀನ ಓಡಸ್ತಾರ. ಹತ್ತು ಹುಡುಗ್ಯಾರು ಬೆನ್ನ ಹತ್ತಿದ್ರೂ ಈಕಿ ಕೈಗೆ ಸಿಗಂಗಿಲ್ಲ. ಮ್ಯಾಚ್ ಬಂತಂದ್ರ ನೀರಿನ ಬಾಟ್ಲಿ ಕಾಯಾಕ ಕುಂದ್ರಸ್ತಾರ. ಇದು ಯಾವ ಸೀಮಿ ಕಾಂಬಿನೇಶನ್?”

“ಕೋಚ್ ಅವರು. ಅವರಿಗೆ ಗೊತ್ತಿರ್ತೈತಿ.”

“ಗೊತ್ತೈತಿ ಅಣ್ಣಾ. ಭಾಳ ಚೊಲೋ ಗೊತ್ತೈತಿ.”

ಹುಸೇನಬಿ ತಾಟಿನಿಂದ ಕೈ ತೆಗೆದಳು. “ಆಟ ಆಟ ಅಂತ ಯಾಕ ಗುದ್ದಾಡ್ತೀರಿ? ನಾ ಮೊದಲ ಹೇಳೇನಿ. ಹತ್ತನೆತ್ತೆ ಆತಂದ್ರ ಸಾಕು. ಕುಂತಾಳಂದ್ರ ಕುಂತಾಳ, ಇನ್ನ ನಾಕು ತಿಂಗಳು.”

ಈ ನಾಕು ತಿಂಗಳ ಮಾತೇ ಜರೀನಾಳ ಗಂಟಲಲ್ಲಿ ಮುಳ್ಳು. ಬರುವ ತಿಂಗಳು ಹಾವೇರಿಯಲ್ಲಿ ಜಿಲ್ಲಾ ತಂಡದ ಆಯ್ಕೆ. ತಾಲೂಕು ತಾಲೂಕಿನ ಕ್ಲಬ್ಬುಗಳು ಪಂದ್ಯ ಆಡುತ್ತವೆ, ಆರಿಸುವವರು ನೋಡಿ ಹೆಸರು ಹಿಡಿಯುತ್ತಾರೆ. ಜಿಲ್ಲಾ ತಂಡದಲ್ಲಿ ಬಂದ ಹುಡುಗಿಗೆ ಕ್ರೀಡಾ ಹಾಸ್ಟೆಲಿನಲ್ಲಿ ಸೀಟು, ಅಲ್ಲೇ ಕಾಲೇಜು. ಹಾಸ್ಟೆಲು ಸಿಕ್ಕರೆ ಅತ್ತೆಯ ಬಾಯಿ ಕಟ್ಟುತ್ತದೆ, ಮಗಳು ಇನ್ನೂ ಎರಡು ವರ್ಷ ಓದುತ್ತಾಳೆ, ಓಡುತ್ತಾಳೆ. ಸಿಗದಿದ್ದರೆ ಮೇ ತಿಂಗಳಿಂದ ಅಂಗಡಿಯ ಹಿಂದೆ ಕೂತು ದಿಂಬಿಗೆ ಹೊಲಿಗೆ. ಕುಳಿತವರನ್ನು ಆರಿಸುವ ಆಯ್ಕೆಗಾರರು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲವಾದ್ದರಿಂದ, ಹಾವೇರಿಯಲ್ಲಿ ಸುಮಯ್ಯಾ ಅಂಗಳಕ್ಕಿಳಿಯಲೇಬೇಕಿತ್ತು.

“ನೀವು ಹೋಗಿ ಒಂದ್ ಮಾತು ಕೇಳ್ರಿ,” ಎಂದಳು ಗಂಡನಿಗೆ.

“ಏನಂತ ಕೇಳ್ಲಿ?”

“ಮಗಳು ಯಾಕ ಕುಂತಾಳಂತ ಕೇಳ್ರಿ. ಅಷ್ಟ.”

ಕೋಚ್ ಸುನೀಲಕುಮಾರನಿಗೆ ಬಸ್‌ಸ್ಟ್ಯಾಂಡಿನ ಬಳಿ ಝೆರಾಕ್ಸ್ ಅಂಗಡಿ. ಕಾಲೇಜಿನ ದಿನಗಳಲ್ಲಿ ಒಳ್ಳೆಯ ಆಟಗಾರ, ಮಾತಿಗೂ ಒಳ್ಳೆಯವನು. ಕೈಸರ ಹೋದೊಡನೆ ಕುರ್ಚಿ ಎಳೆದು ಕೂರಿಸಿದ, ಚಹಾ ತರಿಸಿದ.

“ಕೈಸರಭಾಯಿ, ನಿಮ್ಮ ಹುಡುಗಿ ಚೊಲೋ ಓಡ್ತಾಳ. ಇಲ್ಲಂದವ್ರು ಯಾರು? ಆದ್ರ ನಂದೂ ಒಂದ್ ಕಷ್ಟ ಐತಿ ಕೇಳ್ರಿ. ನಾನು ವರ್ಷಗಟ್ಲೆ ತಯಾರ ಮಾಡೂದು, ನೀವು ನಾಳೆ ಬುರ್ಖಾ ಹಾಕಿ ಮನ್ಯಾಗ ಕುಂದ್ರಸೂದು. ಹಿಂದ ಒಬ್ಬಾಕಿ ಹಂಗ ಹೋದ್ಲು. ಒಂದ್ ಜಾಗಾ ಹಾಳಾತು.”

“ನಾವು ಹಂಗ ಮಾಡಂಗಿಲ್ಲ ಸರ್.”

“ನೀವು ಮಾಡಂಗಿಲ್ಲ. ನಿಮ್ಮ ಮಂದಿ ಬಿಡ್ಬೇಕಲ್ಲ?” ಸುನೀಲಕುಮಾರ ನಕ್ಕ. “ಬೇಜಾರ ಮಾಡ್ಕೋಬ್ಯಾಡ್ರಿ. ನಾ ನಿಮ್ಮವ ಅಂತ ಹೇಳಾಕತ್ತೇನಿ.”

ಕೈಸರ ಬೇಜಾರು ಮಾಡಿಕೊಳ್ಳಲಿಲ್ಲ. ಅದು ಅವನ ಜೀವಮಾನದ ಕಸುಬು. ಗಾದಿ ಹೊಲಿಯುವುದು ಅದರ ನಂತರದ್ದು. ಲಗ್ನದ ಸುಗ್ಗಿಯಲ್ಲಿ ಗಾದಿ ಮಾಡಿಸುವವರು ಯಾರು? ಕ್ಲಬ್ಬಿನ ಅಧ್ಯಕ್ಷ ಪ್ರಭುಲಿಂಗಪ್ಪನಂಥ ಮೆಣಸಿನಕಾಯಿ ದಲಾಲರು. ಅವರ ಮೊಮ್ಮಗಳು ಶ್ವೇತಾ ತಂಡದ ಕ್ಯಾಪ್ಟನ್. ಇಂಥಲ್ಲಿ ಮುಖ ಗಂಟು ಹಾಕಿದರೆ ಯಂತ್ರಕ್ಕೆ ಹತ್ತಿ ಎಲ್ಲಿಂದ ಬರಬೇಕು? ಚಹಾ ಕುಡಿದು, ಕೈ ಮುಗಿದು ಮನೆಗೆ ಬಂದ.

“ಚಾ ಕೊಟ್ರು. ಭಾಳ ಚೊಲೋತ್ನಾಗ ಮಾತಾಡಿದ್ರು,” ಎಂದು ವರದಿ ಒಪ್ಪಿಸಿದ.

ಬುರ್ಖಾದ ಮಾತು ಕೇಳಿ ನಯಾಜ ಚಪ್ಪಲಿ ಬಿಡುತ್ತಿದ್ದವನು ಮತ್ತೆ ಮೆಟ್ಟಿಕೊಂಡ. “ಶ್ವೇತಾನ ಅಕ್ಕ ಹ್ವಾದ ವರ್ಷ ಕ್ಯಾಪ್ಟನ್ ಇದ್ಲಲ್ಲ, ಈಗೆಲ್ಲಿ ಅದಾಳ? ಲಗ್ನ ಮಾಡಿಕೊಂಡ ದಾವಣಗೆರಿಯಾಗ ಬಟ್ಟಿ ಒಗ್ಯಾಕತ್ತಾಳ. ಅವರ ಜಾಗಾ ಹಾಳಾಗಲಿಲ್ಲೇನು? ಕೇಳಬೇಕಿತ್ತಿಲ್ಲೋ ಅಣ್ಣಾ?”

“ನೀ ಹೋಗಿ ಕೇಳು. ನಿಂಗೇನು, ಗಾಡಿ ಹೊಡೀತಿ, ಊರು ಬಿಟ್ರೂ ನಡೀತೈತಿ. ನಾ ಎಲ್ಲಿ ಹೋಗ್ಲಿ?”

ಅಣ್ಣ ತಮ್ಮಂದಿರು ಆ ವಾರ ಒಬ್ಬರಿಗೊಬ್ಬರು ಮಾತು ಬಿಟ್ಟರು. ಒಬ್ಬನಿಗೆ ಮೊದಲು, ಇನ್ನೊಬ್ಬನಿಗೆ ಆಮೇಲೆ ಎಂದು ಜರೀನಾ ಎರಡೆರಡು ಸಲ ಬಡಿಸಿದಳು. ಬಡಿಸುತ್ತಲೇ ಅವಳಿಗೆ ಒಂದು ದಾರಿ ಹೊಳೆಯಿತು.

ಆ ಕ್ಲಬ್ಬಿನಲ್ಲೊಂದು ಪದ್ಧತಿ ಇತ್ತು. ದೊಡ್ಡ ಪಂದ್ಯದ ಮುಂಚಿನ ರವಿವಾರ ಇಡೀ ತಂಡ ಒಬ್ಬ ಆಟಗಾರ್ತಿಯ ಮನೆಯಲ್ಲಿ ಉಣ್ಣಬೇಕು. ಯಾರ ಮನೆಯಲ್ಲಿ ಉಂಡರೋ ಆ ಹುಡುಗಿ ಮುಂದಿನ ಪಂದ್ಯದಲ್ಲಿ ಮೂವರ ಮೊದಲ ಬ್ಯಾಚಿನಲ್ಲಿ ಓಡಬೇಕು. ಉಂಡ ಮನೆಯ ಹುಡುಗಿ ಓಡಿದರೆ ಗೆಲುವು ಎಂಬುದು ಅವರ ನಂಬಿಕೆ. ಕ್ಲಬ್ಬು ಕಟ್ಟಿದಂದಿನಿಂದ ಸುನೀಲಕುಮಾರನೂ ಇದನ್ನು ಮುರಿದಿರಲಿಲ್ಲ. ಸುಮಯ್ಯಾ ಎಲ್ಲರ ಮನೆಯಲ್ಲೂ ಉಂಡು ಬಂದಿದ್ದಳು. ಇವರ ಮನೆಯ ಸರದಿ ಮಾತ್ರ ಬಂದಿರಲಿಲ್ಲ. ಬರುತ್ತದೆಂದು ಯಾರೂ ಅಂದುಕೊಂಡಿರಲೂ ಇಲ್ಲ.

“ಶ್ವೇತಾನ ಮನ್ಯಾಗ ಉಂಡಾಗ ತಾಟು ಯಾರು ತೊಳದ್ರು?” ಎಂದು ಜರೀನಾ ಒಮ್ಮೆ ಕೇಳಿದ್ದಳು.

“ಎಲ್ಲಾರ್ದೂ ಅವ್ರ ಮನ್ಯಾಗಿನವ್ರು ತೊಳದ್ರು. ನಂದು ನಾನ ತೊಳದ್ನಿ.”

“ತೊಳಿ ಅಂತ ಯಾರ ಹೇಳಿದ್ರು?”

“ಯಾರೂ ಹೇಳ್ಲಿಲ್ಲ.”

ಹುಡುಗಿ ಇದನ್ನು ಎಷ್ಟು ಸಹಜವಾಗಿ ಹೇಳಿದ್ದಳೆಂದರೆ, ಜರೀನಾ ಅಂದು ಅಡಿಗೆಮನೆಗೆ ಹೋಗಿ ಅತ್ತಿದ್ದಳು.

ಈಗ ಅವಳು ಅಳುವವಳಾಗಿರಲಿಲ್ಲ. ಶ್ವೇತಾಳ ಕೈಯಲ್ಲಿ ಹೇಳಿ ಕಳಿಸಿದಳು: ಹಾವೇರಿಯ ಪಂದ್ಯದ ಮುಂಚಿನ ಊಟ ನಮ್ಮಲ್ಲಿ. ಶ್ವೇತಾ ಮನಸ್ಸಿನಿಂದ ಒಳ್ಳೆಯ ಹುಡುಗಿ, ಕೂಡಲೇ ಹೂಂ ಅಂದಳು. ಸುನೀಲಕುಮಾರ ತಲೆ ಕೆರೆದುಕೊಂಡು, “ಹುಡುಗ್ಯಾರು ಉಣ್ಣೂದಿಲ್ಲವ್ವಾ, ಮನ್ಯಾಗ ಬೈತಾರ” ಎಂದನಂತೆ, ಬೇಡ ಮಾತ್ರ ಅನ್ನಲಿಲ್ಲವಂತೆ. ಆ ಮಾತು ತಲುಪಿದ ಕೂಡಲೇ ಜರೀನಾ ಹಿತ್ತಲ ಗೋಡೆಯ ಬಳಿ ಹೋಗಿ ಸಿದ್ದವ್ವನನ್ನು ಕರೆದಳು.

ಸಿದ್ದವ್ವ ಗೋಡೆಯಾಚೆಯ ಲಿಂಗವಂತರ ಮನೆಯವಳು. ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಟ್ಟು ಬದುಕುವವಳು. ಮೊಮ್ಮಗಳು ನಿರ್ಮಲಾ ಅದೇ ತಂಡದಲ್ಲಿ ಸುಮಯ್ಯಾಳ ಪಕ್ಕದ ಬಾಟಲಿ ಕಾಯುವವಳು. ಹುಸೇನಬಿಗೂ ಸಿದ್ದವ್ವನಿಗೂ ಮೂವತ್ತು ವರ್ಷದ ಗೆಳೆತನ. ಅದರಲ್ಲಿ ಸಿದ್ದವ್ವ ಇವರ ಮನೆಯಲ್ಲಿ ಚಹಾ ಕುಡಿದದ್ದುಂಟು, ಕಟ್ಟೆಯ ಮೇಲೆ ಕೂತು. ಊಟ ಮಾಡಿದ್ದಿಲ್ಲ.

“ಅಡಿಗಿ ನೀ ಮಾಡಬೇಕು ಸಿದ್ದವ್ವಾ. ನಮ್ಮ ಸಾಮಾನು, ನಮ್ಮ ಒಲಿ. ಕೈ ನಿಂದು.”

ಸಿದ್ದವ್ವ ಸೆರಗಿನ ತುದಿ ತಿರುಗಿಸಿದಳು. “ಅಡಿಗಿ ಭಾಂಡೆ?”

“ಭಾಂಡೆ ನಿಂದ ತಾ. ನಮ್ಮ ಕೈ ತಾಗಂಗಿಲ್ಲ. ಆಣಿ ಮಾಡ್ತೇನಿ.”

ಆ ಸೋಮವಾರದಿಂದಲೇ ಮನೆಗೆ ಮಾಂಸ ಬರುವುದು ನಿಂತಿತು. ತತ್ತಿಯೂ ಇಲ್ಲ. ಒಲೆಯ ಸುತ್ತ ಸುಣ್ಣ. ಕೈಸರ ಅಂಗಡಿಯಲ್ಲಿನ ಹೊಸ ಗಾದಿಗಳನ್ನು ಪಡಸಾಲೆಯಲ್ಲಿ ಹಾಸಲು ಬಿಳಿ ಖೋಳ ಹೊಲಿದ. ಗೋಡೆಯ ಮೇಲಿದ್ದ ಮಕ್ಕಾದ ಪಟವನ್ನು ತಾನಾಗಿಯೇ ಇಳಿಸಿ ಕಪಾಟಿನೊಳಗೆ ಇಟ್ಟ. ಯಾರೂ ಹೇಳಿರಲಿಲ್ಲ. ಈ ಮನೆಯಲ್ಲಿ ಯಾರೂ ಹೇಳದೆಯೇ ಆಗುವ ಕೆಲಸಗಳು ಬಹಳ.

ಉಳಿದದ್ದು ಹುಸೇನಬಿ.

“ಅತ್ತಿ, ರವಿವಾರ ಒಂದ ದಿನ ಕರ್ಜಗಿಗೆ ಮಗಳ ಮನಿಗೆ ಹೋಗಿ ಬರ್ತೀರೇನು?”

ಮುದುಕಿ ಕೇಳಿಸದವಳಂತೆ ಹತ್ತಿಯಲ್ಲಿನ ಕಸ ಆರಿಸುತ್ತ ಕೂತಳು. ಆಮೇಲೆ ಹೇಳಿದಳು: “ನಾ ಕೆಮ್ಮತೇನಿ ಅಂತೋ, ನಮಾಜ್ ಮಾಡ್ತೇನಿ ಅಂತೋ?”

“ಹಂಗಲ್ಲ ಅತ್ತಿ.”

“ಮತ್ತ ಹೆಂಗ? ನನ್ನ ನಮಾಜ್ ಏನ್ ಅವ್ರ ತಾಟಿನ್ಯಾಗ ಬೀಳ್ತೈತೇನು? ಪಟಾ ಇಳಸೀರಿ. ಒಲಿ ಬಿಟ್ಟುಕೊಟ್ಟೀರಿ. ಇನ್ನ ನಾ ಒಬ್ಬಾಕಿ ಉಳದೇನಿ, ನನ್ನೂ ಇಳಸ್ರಿ.”

“ನಿಮ್ಮ ಮೊಮ್ಮಗಳ ಸಲುವಾಗಿ ಅತ್ತಿ. ಒಂದ ದಿನ.”

“ಕೈಸರಾ!” ಎಂದು ಮುದುಕಿ ಅಂಗಡಿಯ ಕಡೆಗೆ ಕೂಗಿದಳು. “ನೀನೂ ಹೋಗಂತೀಯೇನೋ?”

ಹತ್ತಿ ಹಿಂಜುವ ಯಂತ್ರ ನಡೆಯುತ್ತಿತ್ತು. ಕೈಸರ ಅದನ್ನು ನಿಲ್ಲಿಸಲಿಲ್ಲ. ಶನಿವಾರ ಸಂಜೆ ತಾಯಿಯ ಚೀಲ ಹಿಡಿದುಕೊಂಡು ಬಸ್‌ಸ್ಟ್ಯಾಂಡಿಗೆ ಹೋದ. ಬಸ್ಸು ಹತ್ತುವವರೆಗೆ ಹುಸೇನಬಿ ಮಗನ ಮುಖ ನೋಡಲಿಲ್ಲ. ನಯಾಜನೂ ಅಂದೇ ಗಾಡಿ ತೆಗೆದುಕೊಂಡು ಹೋದ. “ನನ್ನ ಮನ್ಯಾಗ ನಾ ಬೀಗ ಆಗಿ ಉಣ್ಣಂಗಿಲ್ಲ ಭಾಬಿ,” ಎಂದು ಹೇಳಿಯೇ ಹೋದ.

ಊಟ ಬಹಳ ಚೆನ್ನಾಯಿತು. ಸಿದ್ದವ್ವ ಬೆಳಕು ಹರಿಯುವ ಮೊದಲೇ ಭಾಂಡೆ ಹೊತ್ತು ತಂದಿದ್ದಳು. ಹೋಳಿಗೆ, ಕಟ್ಟಿನ ಸಾರು, ಎಣ್ಣೆಗಾಯಿ, ಎಳೆ ಸೌತೆಯ ಕೋಸಂಬರಿ, ಶೇಂಗಾಚಟ್ನಿ. ಜರೀನಾ ತನ್ನದೇ ಅಡಿಗೆಮನೆಯ ಹೊಸ್ತಿಲಾಚೆ ನಿಂತು ಬೆಲ್ಲ, ತುಪ್ಪ, ಬೇಳೆ ಒದಗಿಸಿದಳು. ಹುಡುಗಿಯರು ಬಿಳಿ ಖೋಳದ ಗಾದಿಗಳ ಮೇಲೆ ಸಾಲಾಗಿ ಕೂತು, ಮೊದಮೊದಲು ಸಂಕೋಚ, ಆಮೇಲೆ ಎರಡನೆಯ ಹೋಳಿಗೆ, ಮೂರನೆಯ ಹೋಳಿಗೆ.

“ಸುಮಿ, ಅಲ್ಲೇನಿತ್ತು?” ಶ್ವೇತಾ ಗೋಡೆಯ ಮೇಲಿನ ಖಾಲಿ ಚೌಕ ತೋರಿಸಿದಳು.

“ಗಡಿಯಾರ. ಕೆಟ್ಟೈತಿ,” ಸುಮಯ್ಯಾ ಅಂದಳು.

ಸುನೀಲಕುಮಾರ ಮಾತ್ರ ಮೊದಲ ತುತ್ತಿಗೆ ಮುಂಚೆ ಕೈ ತಡೆದ. “ಅಡಿಗಿ ಯಾರದ್ರಿ?”

ಜರೀನಾಳಿಗೆ ಈ ಪ್ರಶ್ನೆ ಬಂದದ್ದೇ ಸಂತೋಷ. ಉತ್ತರ ಅವಳ ಬಾಯಲ್ಲಿ ತಯಾರಾಗಿತ್ತು. “ಎಲ್ಲಾ ಸಿದ್ದವ್ವಂದ್ರಿ ಸರ್. ಭಾಂಡೆ ಸೈತ ಅವರ್ವ. ನಮ್ಮ ಕೈ ಒಂದಕ್ಕೂ ತಾಗಿಲ್ಲ. ನಿಶ್ಚಿಂತಿ ಉಣ್ರಿ.”

“ಹಂಗಾದ್ರ ಚೊಲೋ ಆತು,” ಎಂದು ಅವನು ಉಂಡ. ಹೋಗುವಾಗ ಸಿದ್ದವ್ವನಿಗೆ, “ಕೈಗುಣ ದೊಡ್ಡದು ನಿಮ್ದು” ಎಂದು ಹೇಳಿ ಹೋದ.

ಅಂದು ತಾಟುಗಳನ್ನೆಲ್ಲ ಜರೀನಾ ಒಬ್ಬಳೇ ತೊಳೆದಳು. ಮಗಳನ್ನು ಏಳಗೊಡಲಿಲ್ಲ. ಸಿದ್ದವ್ವನ ಭಾಂಡೆಗಳನ್ನೂ ಬೂದಿ ಹಾಕಿ ತಿಕ್ಕಿ, ಥಳಥಳ ಮಾಡಿ ಗೋಡೆಯ ಮೇಲಿಂದ ದಾಟಿಸಿದಳು. ಸ್ವಲ್ಪ ಹೊತ್ತಿನ ಮೇಲೆ ಅರಿವೆ ತೆಗೆಯಲು ಹಿತ್ತಲಿಗೆ ಹೋದಾಗ, ಸಿದ್ದವ್ವ ಅವೇ ಭಾಂಡೆಗಳ ಮೇಲೆ ಮತ್ತೆ ನೀರು ಹೊಯ್ದುಕೊಳ್ಳುತ್ತಿದ್ದಳು. ಜರೀನಾ ನೋಡಲಿಲ್ಲವೆಂದು ತನಗೆ ತಾನೇ ಹೇಳಿಕೊಂಡು ಒಳಗೆ ಬಂದಳು.

ಸೋಮವಾರ ಹಾವೇರಿಗೆ ಗಂಡ ಹೆಂಡತಿ ಇಬ್ಬರೂ ಹೋದರು. ಮಗಳ ಪಂದ್ಯ ನೋಡಲು ಕೈಸರ ಅಂಗಡಿ ಮುಚ್ಚಿದ್ದು ಅದೇ ಮೊದಲು. ಕ್ರೀಡಾಂಗಣದಲ್ಲಿ ಸುಣ್ಣದ ಗೆರೆ ಹೊಸದಾಗಿ ಹೊಡೆದಿದ್ದರು, ಆರಿಸುವವರು ಶಾಮಿಯಾನದ ಕೆಳಗೆ ಟೇಬಲ್ಲು ಹಾಕಿಕೊಂಡು ಕೂತಿದ್ದರು. ಬ್ಯಾಡಗಿಯವರದು ಮೊದಲು ಓಡುವ ಪಾಳಿ. ಹೆಸರು ಕರೆಯುವ ಮೊದಲೇ ಸುಮಯ್ಯಾ ಜಾಕೆಟ್ಟು ಬಿಚ್ಚಿ ಎದ್ದು ನಿಂತಳು. ಅವಳ ಮುಖ ಆ ಹೊತ್ತಿನಲ್ಲಿ ಹೇಗಿತ್ತೆಂದು ಜರೀನಾ ಆಮೇಲೆ ಎಷ್ಟೋ ದಿನ ನೆನೆಯುತ್ತಿದ್ದಳು.

“ಶ್ವೇತಾ, ಪೂಜಾ, ನಿರ್ಮಲಾ,” ಸುನೀಲಕುಮಾರ ಕೂಗಿದ.

ನಿರ್ಮಲಾ ತನ್ನ ಹೆಸರು ಕೇಳಿ ತಾನೇ ಬೆಚ್ಚಿದಳು. ಸುಮಯ್ಯಾ ನಿಂತಲ್ಲೇ ನಿಂತಿದ್ದಳು. “ಸರ್, ಊಟ ನಮ್ಮ ಮನ್ಯಾಗ ಆಗಿತ್ರಿ.”

“ಜಾಗಾ ನಿಮ್ದವ್ವಾ. ಊಟ ಸಿದ್ದವ್ವಂದು. ನಿಮ್ಮವ್ವನ ಹೇಳ್ಯಾಳಲ್ಲ, ನಮ್ಮ ಕೈ ತಾಗಿಲ್ಲಂತ? ಪದ್ಧತಿ ಅಂದ್ರ ಪದ್ಧತಿ. ಕುಂದ್ರ.”

“ಸರ್, ಸುಮಿನ್ನ ಇಳಸ್ರಿ,” ಶ್ವೇತಾ ಅಂದಳು.

“ಕ್ಯಾಪ್ಟನ್ ನೀನು. ಕೋಚ್ ನಾನು. ನಡಿ.”

ಹಗ್ಗದ ಹೊರಗೆ ನಿಂತ ಜರೀನಾಳಿಗೆ ಎಲ್ಲ ಕೇಳಿಸಿತು. ಹಗ್ಗದ ಕೆಳಗೆ ನುಸುಳಿ ಹೋದಳು. “ಬೆಲ್ಲ ನಂದು, ಬ್ಯಾಳಿ ನಂದು, ತುಪ್ಪ ನಂದು, ಒಲಿ ನಂದು. ಊಟ ಯಾರ್ದಂತಿ?”

“ಅವ್ವಾರ, ಮ್ಯಾಚ್ ನಡದೈತಿ, ಹೊರಗ ಹೋಗ್ರಿ.”

“ನಮ್ಮ ಕೈ ತಾಗಿದ್ರ ನೀ ಉಣ್ತಿದ್ದಿಲ್ಲ. ತಾಗಿಲ್ಲಂದ್ರ ಊಟ ನಮ್ದಲ್ಲ. ಮತ್ತ ನಾವು ಏನ್ ಮಾಡ್ಬೇಕಿತ್ತು ಹೇಳು?”

ಸುನೀಲಕುಮಾರ ಮೂವರು ಹುಡುಗಿಯರನ್ನು ಅಂಗಳಕ್ಕೆ ಕಳಿಸಿದ. ಕೈಸರ ಬಂದು ಹೆಂಡತಿಯ ಮೊಣಕೈ ಹಿಡಿದ. “ನಡಿ. ಮಂದಿ ನೋಡಾಕತ್ತಾರ.”

“ನೋಡ್ಲಿ. ನಿಮ್ಮ ಮಗಳನ್ನ ಯಾರೂ ನೋಡವಲ್ರು, ನನ್ನರ ನೋಡ್ಲಿ.”

ನಿರ್ಮಲಾ ಓಟದಲ್ಲಿ ಬೇಗನೇ ಔಟಾದಳು. ಆದರೆ ಹಿಡಿಯುವ ಪಾಳಿ ಬಂದಾಗ ಹೇಗೋ ಇಬ್ಬರನ್ನು ಮುಟ್ಟಿದಳು. ಬಡ ಹುಡುಗಿ, ಅವಳದೇನು ತಪ್ಪು? ಸಿಕ್ಕ ಅವಕಾಶಕ್ಕೆ ಜೀವ ಬಿಟ್ಟು ಆಡಿದಳು. ಬ್ಯಾಡಗಿ ಗೆದ್ದಿತು. ಸಂಜೆ ಧ್ವನಿವರ್ಧಕದಲ್ಲಿ ಜಿಲ್ಲಾ ತಂಡದ ಹೆಸರುಗಳು ಬಂದವು: ಬ್ಯಾಡಗಿಯಿಂದ ಶ್ವೇತಾ, ನಿರ್ಮಲಾ. ಸುಮಯ್ಯಾ ಉಳಿದವರ ಜೊತೆ ಚಪ್ಪಾಳೆ ತಟ್ಟಿದಳು.

ಮಾರನೆಯ ದಿನ ಸಿದ್ದವ್ವ ಪೇಢೆ ಹಿಡಿದುಕೊಂಡು ಗೋಡೆಯ ಬಳಿ ಬಂದಳು. ಬರಬಾರದಿತ್ತು, ಬಾರದಿದ್ದರೂ ತಪ್ಪಾಗುತ್ತಿತ್ತು.

“ನಾ ಏನ್ ಮಾಡ್ಲಿ ಜರೀನಾ? ಅಂವ ಹಂಗ ಹಿಡದ.”

“ಅಂವ ನಿನ್ನ ಕೈಗುಣ ಹೊಗಳಿದಾಗ ನೀ ಹೇಳಬಹುದಿತ್ತಲ್ಲ, ಊಟ ಅವರ್ದು, ನಾ ಬರೇ ಕೈ ಹಾಕೇನಂತ?”

“ಹೇಳಿದ್ರ ಆ ಪೋರಿ ಕುಂದರ್ತಿತ್ತು. ಅದಕ್ಕ ತಾಯಿಲ್ಲ, ತಂದಿಲ್ಲ. ನಿನ್ನ ಮಗಳಿಗೆ ನೀ ಬಡದಾಡಿದ್ರ ಚೊಲೋ, ನನ್ನ ಮೊಮ್ಮಗಳಿಗೆ ನಾ ಸುಮ್ನಿದ್ರ ತಪ್ಪೇನು?”

“ಪೇಢೆ ಒಯ್ಯಿ. ನಿಮ್ಮ ಮನಿ ಅಡಿಗಿ ನಮ್ಮ ಮನ್ಯಾಗ ಭಾಳ ಆತು.”

ಸಿದ್ದವ್ವ ಪೇಢೆಯ ಡಬ್ಬಿಯನ್ನು ಸೆರಗಿನೊಳಗೆ ಇಟ್ಟುಕೊಂಡು ಹೋದಳು. ಅಂದಿನಿಂದ ಗೋಡೆಯ ಆಚೀಚೆ ಮಾತು ನಿಂತಿತು.

ಹುಸೇನಬಿ ಕರ್ಜಗಿಯಿಂದ ಬುಧವಾರ ಬಂದಳು. ಎಲ್ಲವನ್ನೂ ಕೇಳಿದಳು. ಬೈಯುತ್ತಾಳೆಂದು ಜರೀನಾ ಕಾದಿದ್ದಳು. ಮುದುಕಿ ಮೊದಲು ಕಪಾಟಿನಿಂದ ಪಟ ತೆಗೆಸಿ ಮೊಳೆಗೆ ಹಾಕಿಸಿದಳು.

“ನಾ ಮನ್ಯಾಗ ಇದ್ದಿದ್ರ ಸಿದ್ದವ್ವನ ಕೂಡ ಜಗಳಾಡಿ ಒಂದರ ಹೋಳಿಗಿ ಲಟ್ಟಿಸಿರ್ತಿದ್ನಿ,” ಎಂದಳು. “ಹುಡುಗ್ಯಾರು ಉಣ್ಣಲಿ, ಬಿಡ್ಲಿ. ಊಟ ನಮ್ಮದಾಗ್ತಿತ್ತು. ನಿಮಗ ಮನಿ ಮಂದೀನ ಹೊರಗ ಹಾಕೂದು ಯಾರ್ ಕಲಿಸಿದ್ರು?”

ಜರೀನಾ ಗಂಡನಾದರೂ ಏನಾದರೂ ಹೇಳಲಿ ಎಂದು ನೋಡಿದಳು. ಕೈಸರ ಸೂಜಿಗೆ ದಾರ ಪೋಣಿಸುತ್ತಿದ್ದ.

ನಯಾಜ ಹಾವೇರಿಗೆ ಬಾಡಿಗೆ ಹೋದಾಗ ಆಟದ ಸಂಘದವರನ್ನು ಕಂಡು ಬಂದ. ಅವರು ಕೇಳಿದ್ದು ಒಂದೇ: ಹುಡುಗಿಯ ಹೆಸರು ತಂಡದಲ್ಲಿ ಇತ್ತೋ ಇಲ್ಲೋ? ಇತ್ತು. ಹಾಗಾದರೆ ಭೇದ ಎಲ್ಲಿ? ಯಾರನ್ನು ಇಳಿಸಬೇಕೆಂಬುದು ಕೋಚಿನ ಇಷ್ಟ. “ನೀರು ಕುಡದ್ ಹೋಗು ಅಂದ್ರು ಅಣ್ಣಾ. ಎಲ್ಲಾರೂ ಭಾಳ ಚೊಲೋತ್ನಾಗ ಮಾತಾಡ್ತಾರ,” ಎಂದು ನಯಾಜ ಅಣ್ಣನ ಮುಖಕ್ಕೇ ಹೇಳಿದ. ಕೈಸರ ತಾಟು ಬಿಟ್ಟು ಎದ್ದು ಹೋದ.

ಸುಮಯ್ಯಾ ಪ್ರ್ಯಾಕ್ಟೀಸಿಗೆ ಹೋಗುವುದನ್ನು ಬಿಟ್ಟಳು. ಶಾಲೆ ಮುಗಿಸಿ ಬಂದು ಅಂಗಡಿಯ ಹಿಂದೆ ಕೂತು ದಿಂಬಿನ ಬಾಯಿ ಹೊಲಿಯತೊಡಗಿದಳು. ರಾತ್ರಿಯ ಊಟದಲ್ಲಿ ಅರ್ಧ ರೊಟ್ಟಿ ಉಳಿಸಿ ಏಳುತ್ತಿದ್ದಳು. ಯಾರಾದರೂ ಕರೆದರೆ ಎರಡನೆಯ ಸಲಕ್ಕೆ ಓಗೊಡುತ್ತಿದ್ದಳು. ಮನೆ ಎಂದೂ ಇಷ್ಟು ಶಾಂತವಾಗಿರಲಿಲ್ಲ. ಎರಡು ವಾರ ಹೀಗೇ ಹೋಯಿತು.

ಒಂದು ಸಂಜೆ ಸುನೀಲಕುಮಾರ ತಾನಾಗಿಯೇ ಬಂದ. ಬೈಕು ನಿಲ್ಲಿಸಿ, ಅಂಗಡಿ ದಾಟಿ ಪಡಸಾಲೆಯವರೆಗೂ ಬಂದು ಕೂತ. ಜರೀನಾ ಬೇಕೆಂದೇ ಮನೆಯ ಕಪ್ಪಿನಲ್ಲಿ ಚಹಾ ತಂದಿಟ್ಟಳು. ಅವನು ಕುಡಿದ. ಕೆಲಸವಿದ್ದಾಗ ಕುಡಿಯಲು ಬರುತ್ತದೆ ಎಂದು ಎಲ್ಲರಿಗೂ ತಿಳಿಯಿತು.

“ಕೈಸರಭಾಯಿ, ರಾಜ್ಯಮಟ್ಟದ್ದು ಬಂತು. ಶ್ವೇತಾ, ನಿರ್ಮಲಾ ಇಬ್ಬರೂ ತಯಾರಾಗಬೇಕು. ನಿಮ್ಮ ಹುಡುಗಿ ಬರವಲ್ಲಳು. ಇವಳಿಲ್ಲಂದ್ರ ಪ್ರ್ಯಾಕ್ಟೀಸ್ ಪ್ರ್ಯಾಕ್ಟೀಸ ಆಗವಲ್ದು.”

“ಯಾಕ್ರಿ? ಉಳದ ಹುಡುಗ್ಯಾರು ಇಲ್ಲೇನು?” ಜರೀನಾ ಕೇಳಿದಳು.

“ಅದಾರ. ಅವ್ರು ನಾಕು ಹೆಜ್ಜಿಗೆ ಸಿಗತಾರ. ಅಂಥವ್ರನ್ನ ಹಿಡದು ಏನ್ ಕಲೀತಾರ? ಖರೇ ಹೇಳ್ತೇನವ್ವಾ, ಇವಳಂಗ ಓಡೋರು ಇಡೀ ಜಿಲ್ಲಾದಾಗ ಯಾರೂ ಇಲ್ಲ.”



“ಯಾರೂ ಇಲ್ಲಾ?” ಜರೀನಾ ಮತ್ತೆ ಕೇಳಿದಳು.

“ಯಾರೂ ಇಲ್ಲ,” ಎಂದ ಸುನೀಲಕುಮಾರ. ತಾನು ಏನು ಹೇಳಿದೆನೆಂಬುದು ಅವನಿಗೆ ಆಗಲೂ ಹೊಳೆಯಲಿಲ್ಲ. ಹೊಗಳಿದೆನೆಂದೇ ತಿಳಿದಿದ್ದ.

ಕೈಸರ ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಟ್ಟ. “ಆಕಿ ಬರಂಗಿಲ್ಲ ಸರ್.”

“ಏನು?”

“ಬರಂಗಿಲ್ಲ ಅಂದ್ನಿ. ಯಾರ್ ಯಾರನ್ನೋ ತಯಾರ ಮಾಡಾಕ ನನ್ನ ಮಗಳು ಬರಂಗಿಲ್ಲ. ನೀವು ನಡೀರಿ.” ನಲವತ್ತೈದು ವರ್ಷದ ಬಾಳಿನಲ್ಲಿ ಅವನು ಬೇರೆಯವರಿಗೆ ಇಲ್ಲ ಎಂದದ್ದು ಅದೇ ಮೊದಲು. ನಯಾಜ ಅಣ್ಣನ ಪಕ್ಕಕ್ಕೆ ಬಂದು ನಿಂತ. ಹುಸೇನಬಿ, “ಶಾಭಾಸ್ ಮಗನ” ಎಂದು ದೊಡ್ಡದಾಗಿಯೇ ಹೇಳಿದಳು. ಜರೀನಾಳ ಕಣ್ಣು ತುಂಬಿ ಬಂತು. ಇಷ್ಟು ವಾರಗಳ ಮೇಲೆ ಆ ಮನೆಯವರು ಒಂದು ಮಾತಿಗೆ ಒಂದಾಗಿದ್ದರು.

ಸುನೀಲಕುಮಾರ ಮುಖ ಸಣ್ಣ ಮಾಡಿಕೊಂಡು ಎದ್ದು ಹೋಗಿ ಬೈಕು ಚಾಲೂ ಮಾಡಿದ. ಅಷ್ಟರಲ್ಲಿ ಒಳಕೋಣೆಯಿಂದ ಸುಮಯ್ಯಾ ಬಂದಳು. ಹಳೆಯ ಚೂಡಿದಾರ ಹಾಕಿದ್ದಳು, ದುಪಟ್ಟಾ ಸೊಂಟಕ್ಕೆ ಬಿಗಿದಿದ್ದಳು.

“ಸರ್, ನಿಂದ್ರಿ. ನಾ ಬರ್ತೇನಿ.”

“ಏ ಸುಮಿ!” ಕೈಸರ ಹೌಹಾರಿದ. “ನಾ ಈಗೇನ್ ಹೇಳಿದ್ನಿ?”

“ಕೇಳ್ಸಿತು ಅಪ್ಪಾ.”

“ಹುಚ್ಚಿ, ನಿನ್ನ ಬೆನ್ನ ಹತ್ತಿ ಅವ್ರು ದೊಡ್ಡಾಗ್ತಾರ,” ಜರೀನಾ ಅವಳ ತೋಳು ಹಿಡಿದಳು. “ಅಲ್ಲಿ ನಿನ್ನ ಎಂದೂ ಆಡ್ಸಂಗಿಲ್ಲ. ತಿಳಿತೋ ಇಲ್ಲೋ? ಎಂದೂ ಇಲ್ಲ.”

“ತಿಳದೈತಿ ಅವ್ವಾ. ನಿನಗಿಂತ ಮೊದಲ ತಿಳದೈತಿ.”

“ಮತ್ತ ಯಾಕ ಹೋಗ್ತಿ?”

ಸುಮಯ್ಯಾ ತೋಳನ್ನು ಮೆಲ್ಲಗೆ ಬಿಡಿಸಿಕೊಂಡಳು. “ಮತ್ತ ನಾ ಎಲ್ಲಿ ಓಡ್ಲಿ?”

ಹುಸೇನಬಿ ಗೋಡೆಯ ಕಡೆ ತಿರುಗಿದಳು. ಹುಡುಗಿ ಸ್ವಲ್ಪ ಹೊತ್ತು ಕಾದಳು, ಯಾರಾದರೂ ಒಂದು ಜಾಗದ ಹೆಸರು ಹೇಳಬಹುದೆಂಬಂತೆ. ಆಮೇಲೆ ಅಂಗಳ ದಾಟಿ ಬೈಕಿನ ಹಿಂದೆ ಓಡುತ್ತ ಹೋದಳು.

ಕೈಸರ ಅಂಗಡಿಗೆ ಹೋಗಿ ಯಂತ್ರ ಹಚ್ಚಿದ. ಜರೀನಾ ಅಡಿಗೆಮನೆಗೆ ಬಂದು ದಿನಕ್ಕಿಂತ ಎರಡು ಹಿಡಿ ಹೆಚ್ಚು ಜೋಳದ ಹಿಟ್ಟು ತೆಗೆದುಕೊಂಡಳು. ಓಡಿ ಬಂದ ಹುಡುಗಿಗೆ ಬಹಳ ಹಸಿವಾಗಿರುತ್ತದೆ.